ಸ್ಟೀರಿಂಗ್ ಹಿಡಿದ ಕೈ ಮುಗಿಯಬೇಕೆ?

ಮಲೆ ಮಹದೇಶ್ವರನ ಬೆಟ್ಟಕ್ಕೆ ಬರುವ ಭಕ್ತಾದಿಗಳು ತಾಳಬೆಟ್ಟದಲ್ಲಿ ಗಾಡಿ ನಿಲ್ಲಿಸುವುದು ಹಿಂದಿನಿಂದ ಬಂದ ವಾಡಿಕೆ. ಕಾಯಿ ಒಡೆಯುತ್ತಾರೆ, ಕರ್ಪೂರ ಹಚ್ಚುತ್ತಾರೆ, ಧೂಪ ಹಾಕುತ್ತಾರೆ. ಹೊಸ ಗಾಡಿಯಾದರೆ ಚಕ್ರದಡಿಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರೆ. "ಉಘೇ ಮಾದಪ್ಪ ಉಘೇ" ಎಂಬ ಕೂಗು ಏಳುತ್ತದೆ, ಗಾಡಿ ಬೆಟ್ಟದ ಕಡೆ ಮುಖ ಮಾಡುತ್ತದೆ. ಅಲ್ಲಿಂದ ಮುಂದಕ್ಕೆ ತಿರುವಿನ ಮೇಲೆ ತಿರುವು. ಒಂದು ಮಗ್ಗುಲು ಬಂಡೆ, ಇನ್ನೊಂದು ಮಗ್ಗುಲು ಕಣಿವೆ. ದಾರಿ ಪಕ್ಕದಲ್ಲಿ ಒಂದು ಚಿಕ್ಕ ಗುಡಿ ಕಾಣಿಸುತ್ತದೆ. ಗಾಡಿಯೊಳಗಿದ್ದವರೆಲ್ಲ ಕೈ ಮುಗಿಯುತ್ತಾರೆ. ಓಡಿಸುತ್ತಿರುವವನೂ ಸ್ಟೀರಿಂಗಿನಿಂದ ಬಲಗೈ ತೆಗೆದು, ಎದೆಗೆ ಮುಟ್ಟಿಸಿ, ತುಟಿಗೆ ಒತ್ತಿಕೊಂಡು, ಕಣ್ಣನ್ನು ಒಂದು ಕ್ಷಣ ಗುಡಿಯ ಕಡೆ ಹಾಯಿಸುತ್ತಾನೆ.

ಆ ಒಂದು ಕ್ಷಣವೇ ಇಲ್ಲಿನ ಪ್ರಶ್ನೆ. ದೇವರ ದರ್ಶನಕ್ಕೆಂದು ಹೊರಟವನು ಗಾಡಿ ಓಡಿಸುವಾಗ ಮನಸ್ಸನ್ನು ಎಲ್ಲಿ ಇಡಬೇಕು? ದೇವರಲ್ಲೋ, ದಾರಿಯಲ್ಲೋ? ಕೇಳುವುದಕ್ಕೆ ಸಣ್ಣ ಮಾತು. ಆದರೆ ಭಕ್ತಿಯುಳ್ಳವರಿಗೇ ಇದು ಹೆಚ್ಚು ಕಷ್ಟದ ಮಾತು. ಕುಡಿದು ಓಡಿಸುವುದು ತಪ್ಪು ಎಂದರೆ ಯಾರೂ ಎದುರು ಹೇಳುವುದಿಲ್ಲ. ದೇವರ ಕಡೆ ತಿರುಗಿದ ಕಣ್ಣನ್ನೂ ತಪ್ಪು ಎಂದರೆ ಮಾತ್ರ ವಯಸ್ಸಾದವರು ನೊಂದುಕೊಳ್ಳುತ್ತಾರೆ. "ಅಯ್ಯೋ, ಸ್ವಾಮಿ ನೆನೆಯಕ್ಕೂ ಬ್ಯಾಡ ಅಂತೀರಲ್ಲಪ್ಪ, ಮತ್ತ್ಯಾಕೆ ಬರಬೇಕು ಬೆಟ್ಟಕ್ಕೆ?" ಎನ್ನುತ್ತಾರೆ. ಅವರ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಉತ್ತರವನ್ನು ಭಕ್ತಿಯೊಳಗಿನಿಂದಲೇ ಹುಡುಕಬೇಕು.

ಶ್ರೀ ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದ ನಾರದರ ಕಥೆ ಬಹಳ ಮಂದಿಗೆ ಗೊತ್ತು. ತನ್ನಂಥ ಭಕ್ತ ಬೇರೆ ಇಲ್ಲ ಎಂದು ನಾರದರಿಗೆ ಗರ್ವ ಬಂತು. ಭಗವಂತ ಅವರನ್ನು ಒಬ್ಬ ರೈತನ ಮನೆಗೆ ಕಳಿಸಿದ. ಆ ರೈತ ಬೆಳಿಗ್ಗೆ ಏಳುವಾಗ ಒಮ್ಮೆ ಹರಿ ಎಂದ, ನೇಗಿಲು ಹೊತ್ತು ಹೊಲಕ್ಕೆ ಹೋದ, ದಿನವೆಲ್ಲ ದುಡಿದ, ರಾತ್ರಿ ಮಲಗುವಾಗ ಮತ್ತೊಮ್ಮೆ ಹರಿ ಎಂದ. ಇವನೇನು ದೊಡ್ಡ ಭಕ್ತ ಎಂದು ನಾರದರು ಮೂಗು ಮುರಿದರು. ಆಗ ಭಗವಂತ ಅವರ ಕೈಗೆ ಅಂಚಿನವರೆಗೂ ಎಣ್ಣೆ ತುಂಬಿದ ಬಟ್ಟಲು ಕೊಟ್ಟು, ಒಂದು ಹನಿಯೂ ಚೆಲ್ಲದಂತೆ ಊರು ಸುತ್ತಿ ಬಾ ಎಂದ. ನಾರದರು ಸುತ್ತಿ ಬಂದರು, ಹನಿ ಚೆಲ್ಲಲಿಲ್ಲ. ದಾರಿಯಲ್ಲಿ ನನ್ನನ್ನು ಎಷ್ಟು ಸಲ ನೆನೆದೆ ಎಂದು ಕೇಳಿದರೆ, ಒಂದು ಸಲವೂ ಇಲ್ಲ. ಕಣ್ಣೆಲ್ಲ ಬಟ್ಟಲ ಮೇಲೆಯೇ ಇತ್ತು.

ಸಂಸಾರದ ಹೊರೆ ಹೊತ್ತುಕೊಂಡೂ ಎರಡು ಸಲ ನೆನೆದ ರೈತನೇ ದೊಡ್ಡವನು ಎಂದು ಕಥೆ ಮುಗಿಯುತ್ತದೆ. ಹರಿಕಥೆ ದಾಸರೂ ಅಲ್ಲಿಗೇ ಮಂಗಳ ಹಾಡಿಬಿಡುತ್ತಾರೆ. ಆದರೆ ಕಥೆಯಲ್ಲಿ ಇನ್ನೂ ಒಂದು ಮಾತು ಅಡಗಿದೆ. ರೈತ ಹರಿಯನ್ನು ನೆನೆದದ್ದು ಯಾವಾಗ? ಕೆಲಸಕ್ಕೆ ಹೋಗುವ ಮುನ್ನ, ಕೆಲಸ ಮುಗಿದ ಮೇಲೆ. ನಡುವೆ ಎತ್ತು ಹೂಡಿಕೊಂಡು ಸಾಲು ಹೊಡೆಯುವಾಗ ಅವನ ಗಮನ ಸಾಲಿನ ಮೇಲಿತ್ತು. ಭಗವಂತ ಅದಕ್ಕೆ ಕೋಪಿಸಿಕೊಳ್ಳಲಿಲ್ಲ. ನಾರದರ ಮೇಲೂ, ಬಟ್ಟಲ ಮೇಲೆ ಯಾಕೆ ಕಣ್ಣಿಟ್ಟೆ ಎಂದು ಕೋಪಿಸಿಕೊಳ್ಳಲಿಲ್ಲ. ಚೆಲ್ಲಬೇಡ ಎಂದವನೂ ಅವನೇ ತಾನೆ! ಎಣ್ಣೆ ಚೆಲ್ಲಿ ಹರಿನಾಮ ಹೇಳಿಕೊಂಡು ಬಂದಿದ್ದರೆ ಅದು ಆಜ್ಞೆ ಮೀರಿದಂತೆ ಆಗುತ್ತಿತ್ತು.

ಬೆಟ್ಟದ ದಾರಿಯಲ್ಲಿ ಗಾಡಿ ಓಡಿಸುವವನ ಕೈಯಲ್ಲಿರುವುದು ಅಂಥದೇ ಬಟ್ಟಲು. ತುಂಬಿರುವುದು ಮಾತ್ರ ಎಣ್ಣೆಯಲ್ಲ. ಹಿಂದಿನ ಸೀಟಿನಲ್ಲಿ ಮುಡಿ ಕೊಡಲು ಹೊರಟ ಮಗು, ಮೊಣಕಾಲು ನೋವಿನ ಅಜ್ಜಿ, ಹೊಸದಾಗಿ ಮದುವೆಯಾದ ಜೋಡಿ. ಕೀಲಿ ತಿರುಗಿಸುವ ಮುನ್ನ ಒಮ್ಮೆ ಮಾದಪ್ಪ ಎನ್ನಲಿ, ಗಾಡಿ ನಿಲ್ಲಿಸಿ ಕೈಬ್ರೇಕ್ ಎಳೆದ ಮೇಲೆ ಒಮ್ಮೆ ಎನ್ನಲಿ. ನಡುವಿನ ಹೊತ್ತಿಗೆ ರೈತನ ಲೆಕ್ಕ ಸಾಕು.

ಇದು ಭಕ್ತಿಗೆ ಕೊಟ್ಟ ರಿಯಾಯಿತಿ ಎಂದು ತಿಳಿಯಬಾರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯ ಈ ವಿಚಾರದಲ್ಲಿ ಇನ್ನೂ ಖಂಡಿತವಾದಿ. ಕಾಯಕದಲ್ಲಿ ತೊಡಗಿದವನಿಗೆ ಪೂಜೆಯೂ ಆಮೇಲೆ, ಗುರುವಿನ ದರ್ಶನವೂ ಆಮೇಲೆ ಎಂಬುದು ಅವನ ಮಾತಿನ ತಾತ್ಪರ್ಯ. ಪಂಢರಪುರದ ಪುಂಡಲೀಕ ತಂದೆತಾಯಿಯ ಸೇವೆಯಲ್ಲಿದ್ದಾಗ ಸಾಕ್ಷಾತ್ ವಿಠಲನೇ ಬಾಗಿಲಿಗೆ ಬಂದ. ಪುಂಡಲೀಕ ಎದ್ದು ಹೋಗಲಿಲ್ಲ. ಒಂದು ಇಟ್ಟಿಗೆ ತಳ್ಳಿ, ಇದರ ಮೇಲೆ ನಿಂತಿರು ಎಂದ. ವಿಠಲ ಇವತ್ತಿಗೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದೇ ಇಟ್ಟಿಗೆಯ ಮೇಲೆ ನಿಂತಿದ್ದಾನೆ. ಇಟ್ಟಿಗೆಯ ಮೇಲೆ ನಿಂತು ಕಾಯುವ ದೇವರು, ತಿರುವಿನಲ್ಲಿ ತನಗೆ ಕೈ ಮುಗಿಯದ ಡ್ರೈವರನ ಮೇಲೆ ಮುನಿಸಿಕೊಂಡಾನೆಯೆ?

ಕುರುಕ್ಷೇತ್ರದ ರಥವನ್ನೂ ನೆನಪಿಗೆ ತಂದುಕೊಳ್ಳಬಹುದು. ಕ್ಯಾಲೆಂಡರಿನ ಚಿತ್ರಗಳಲ್ಲಿ ಕುದುರೆಗಳು ನಾಗಾಲೋಟದಲ್ಲಿ ಓಡುತ್ತಿರುವಾಗಲೇ ಶ್ರೀಕೃಷ್ಣ ಹಿಂದಕ್ಕೆ ತಿರುಗಿ ಗೀತೆ ಹೇಳುವಂತೆ ಬರೆದಿರುತ್ತಾರೆ. ಮಹಾಭಾರತದಲ್ಲಿ ಹಾಗಿಲ್ಲ. ಅರ್ಜುನ ಕೇಳಿದ್ದು ಎರಡು ಸೇನೆಗಳ ನಡುವೆ ರಥ ನಿಲ್ಲಿಸು ಎಂದು. ಸಾರಥಿ ನಿಲ್ಲಿಸಿದ. ಹದಿನೆಂಟು ಅಧ್ಯಾಯದ ಗೀತೆ ಹುಟ್ಟಿದ್ದು ನಿಂತ ರಥದಲ್ಲಿ. ಮುಂದೆ ಜಯದ್ರಥನನ್ನು ಕೊಲ್ಲಬೇಕಾಗಿದ್ದ ದಿನ ಕುದುರೆಗಳು ಗಾಯಗೊಂಡು ಬಳಲಿದಾಗ ಇದೇ ಕೃಷ್ಣ ರಣರಂಗದ ನಡುವೆಯೇ ಅವುಗಳನ್ನು ಬಿಚ್ಚಿ, ನಾಟಿದ್ದ ಬಾಣ ಕಿತ್ತು, ಮೈ ಉಜ್ಜಿ, ನೀರು ಕುಡಿಸಿದ. ಸೂರ್ಯಾಸ್ತದೊಳಗೆ ಕೆಲಸ ಮುಗಿಯಬೇಕೆಂಬ ಗಡುವಿದ್ದ ದಿನ ಅದು. ಅವಸರ ಇದ್ದಾಗಲೂ ನಿಂತು ದಣಿವಾರಿಸಿಕೊಳ್ಳುವುದು ಸಾರಥ್ಯದ ಭಾಗವೇ ಎಂದು ಇದರಿಂದ ತಿಳಿಯುತ್ತದೆ. ಗೀತೆಯನ್ನೇ ನಿಲ್ಲಿಸಿ ಹೇಳಿದ ಮೇಲೆ, "ಎಲ್ಲಿದ್ದೀಯಾ, ಊಟ ಆಯ್ತಾ" ಎಂಬ ಫೋನಿನ ಮಾತಿಗೆ ಗಾಡಿ ನಿಲ್ಲಿಸಲು ಆಗದೆ?

ದೇವರ ಗುಡಿಯ ಕಡೆ ಹಾಯಿಸಿದ ನೋಟವನ್ನೇ ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದರೆ, ಫೋನಿನ ಪರದೆಯ ಕಡೆ ಹಾಯಿಸುವ ನೋಟದ ಬಗ್ಗೆ ಹೇಳುವುದೇನಿದೆ! ಆದರೂ ಇಲ್ಲೊಂದು ವಾದ ಎಲ್ಲರ ಬಾಯಲ್ಲೂ ಬರುತ್ತದೆ. "ಒಂದ್ಸಲ ನೋಡ್ದೆ ಅಷ್ಟೆ, ಏನಾಯ್ತು ಈಗ? ಏನೂ ಆಗ್ಲಿಲ್ವಲ್ಲ." ಏನೂ ಆಗದೇ ಹೋದರೆ ತಪ್ಪೂ ಆಗಲಿಲ್ಲವೆ? ನೀತಿಯ ದೃಷ್ಟಿಯಿಂದ ಇದು ಯೋಚಿಸಬೇಕಾದ ಪ್ರಶ್ನೆ.

ಒಂದೇ ಬಗೆಯ ಗಾಡಿಯಲ್ಲಿ, ಒಂದೇ ವೇಗದಲ್ಲಿ, ಒಂದೇ ತಿರುವಿಗೆ ಇಬ್ಬರು ಬರುತ್ತಾರೆಂದು ಇಟ್ಟುಕೊಳ್ಳೋಣ. ಇಬ್ಬರೂ ಎರಡು ಸೆಕೆಂಡು ಫೋನು ನೋಡುತ್ತಾರೆ. ಮೊದಲನೆಯವನಿಗೆ ರಸ್ತೆ ಖಾಲಿ. ಎರಡನೆಯವನ ಎದುರಿಗೆ, ಸೊಂಟದಲ್ಲಿ ಮಗುವನ್ನು ಎತ್ತಿಕೊಂಡ ಹೆಣ್ಣುಮಗಳು ರಸ್ತೆ ದಾಟುತ್ತಿದ್ದಾಳೆ. ಮೊದಲನೆಯವನು ಬೆಟ್ಟಕ್ಕೆ ಬಂದು ದರ್ಶನ ಮಾಡಿ, ಲಾಡು ಕಟ್ಟಿಸಿಕೊಂಡು ಹೋಗುತ್ತಾನೆ. ತಾನು ಏನೋ ಮಾಡಿದೆ ಎಂಬುದೂ ಅವನಿಗೆ ಗೊತ್ತಿಲ್ಲ. ಎರಡನೆಯವನು ಪೊಲೀಸು, ಕೋರ್ಟು, ಜೈಲು ಎಂದು ಅಲೆದು, ಜೀವಮಾನವೆಲ್ಲ ಆ ಎರಡು ಸೆಕೆಂಡನ್ನು ಎದೆಯಲ್ಲಿ ಹೊತ್ತು ತಿರುಗುತ್ತಾನೆ. ಊರು ಅವನನ್ನು ಪಾಪಿ ಎನ್ನುತ್ತದೆ. ಆದರೆ ಇಬ್ಬರೂ ಮಾಡಿದ ಕೆಲಸದಲ್ಲಿ ಎಷ್ಟು ಅಂತರವಿದೆ? ಕೂದಲೆಳೆಯಷ್ಟೂ ಇಲ್ಲ. ಆ ಹೆಣ್ಣುಮಗಳು ಮೊದಲನೆಯವನ ಎದುರಿಗೆ ಬಾರದೇ ಇದ್ದದ್ದು ಅವನು ಸಂಪಾದಿಸಿದ ಪುಣ್ಯವಲ್ಲ. ಆದ್ದರಿಂದ ತಪ್ಪನ್ನು ಅಳೆಯಬೇಕಾದದ್ದು ಆದ ಅನಾಹುತದಿಂದ ಅಲ್ಲ, ಕಣ್ಣು ತೆಗೆದ ಆ ಗಳಿಗೆಯಿಂದ. ಕೋರ್ಟಿನ ಲೆಕ್ಕ ಬೇರೆ ಇರಬಹುದು. ಅಂತರಂಗದ ಲೆಕ್ಕದಲ್ಲಿ ಇಬ್ಬರದೂ ಒಂದೇ ಸಾಲ; ಒಬ್ಬನದನ್ನು ವಸೂಲಿ ಮಾಡಿದರು, ಇನ್ನೊಬ್ಬನದು ಬಾಕಿ ಇದೆ.

ಏನೂ ಆಗದೆ ಮನೆ ಮುಟ್ಟುವುದರಲ್ಲಿ ಇನ್ನೂ ಒಂದು ಕೆಡುಕಿದೆ. ಅದು ತಪ್ಪು ಪಾಠ ಕಲಿಸುತ್ತದೆ. ಹತ್ತು ಸಲ ನೋಡಿದೆ, ಏನಾಗಲಿಲ್ಲ. ಹನ್ನೊಂದನೆಯ ಸಲ ಎರಡು ಸೆಕೆಂಡು ನಾಲ್ಕಾಗುತ್ತದೆ. ಆಮೇಲೆ ಅದಕ್ಕೆ 'ಅನುಭವ' ಎಂದು ಹೆಸರು ಬೇರೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ನಿದ್ದೆ ಬಾರದೆ ಹೊರಳಾಡುವ ಧೃತರಾಷ್ಟ್ರನಿಗೆ ಸನತ್ಸುಜಾತರು ಬೋಧೆ ಮಾಡುತ್ತಾರೆ. ಸಾವು ಎಂದರೆ ಏನು ಎಂಬ ಪ್ರಶ್ನೆಗೆ ಅವರು ಯಮನ ಕೋಣವನ್ನಾಗಲಿ, ಪಾಶವನ್ನಾಗಲಿ ತೋರಿಸುವುದಿಲ್ಲ. ಪ್ರಮಾದವನ್ನೇ ಸಾವು ಎನ್ನುತ್ತಾರೆ. ಪ್ರಮಾದ ಎಂದರೆ ಮೂಲದಲ್ಲಿ ಮೈಮರೆವು, ಎಚ್ಚರಗೇಡಿತನ. ಕನ್ನಡದಲ್ಲಿ ಅದು ದೊಡ್ಡ ತಪ್ಪು ಎಂಬ ಅರ್ಥಕ್ಕೆ ಬಂದು ನಿಂತಿದೆ. ತೆಲುಗಿನಲ್ಲಿ ರಸ್ತೆ ಅಪಘಾತಕ್ಕೇ ಪ್ರಮಾದಂ ಎನ್ನುತ್ತಾರೆ. ತಿರುಪತಿಗೆ ಹೋಗಿಬಂದವರು ಈ ಮಾತನ್ನು ಕೇಳಿಯೇ ಇರುತ್ತಾರೆ. ಮೈಮರೆವು, ತಪ್ಪು, ಅಪಘಾತ ಮೂರಕ್ಕೂ ಒಂದೇ ಪದ! ಭಾಷೆಗಳು ಸುಮ್ಮನೆ ಹೀಗೆ ಬೆಳೆಯುವುದಿಲ್ಲ. ಬುದ್ಧನ ಬೋಧೆಯನ್ನು ಕೂಡಿಸಿದ ಧಮ್ಮಪದದಲ್ಲಿಯೂ ಅಪ್ರಮಾದಕ್ಕೆಂದೇ ಒಂದು ಅಧ್ಯಾಯವಿದೆ.

ಇನ್ನು ಲೆಕ್ಕದ ಮಾತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಎರಡು ಸೆಕೆಂಡಿನಲ್ಲಿ 33 ಮೀಟರ್ ಮುಂದೆ ಹೋಗಿರುತ್ತದೆ. ಘಟ್ಟದಲ್ಲಿ ನಿಧಾನವಾಗಿಯೇ, 30ರಲ್ಲಿ ಬಂದರೂ ಅದೇ ಎರಡು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು, ಅಂದರೆ ಒಂದು ಬಸ್ಸಿನ ಉದ್ದಕ್ಕಿಂತಲೂ ಹೆಚ್ಚು. ಅಷ್ಟು ದೂರ ಗಾಡಿ ಕಣ್ಣು ಕಟ್ಟಿಕೊಂಡು ಓಡಿದಂತೆ. ಕಣ್ಣು ರಸ್ತೆಗೆ ವಾಪಸು ಬಂದ ಮೇಲೂ ಕಂಡದ್ದು ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರುವುದರೊಳಗೆ ಇನ್ನೊಂದು ಸೆಕೆಂಡು ಕಳೆದಿರುತ್ತದೆ. 2022ರ ಒಂದು ವರ್ಷದಲ್ಲೇ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂಬುದು ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯ ಲೆಕ್ಕ. ಗಂಟೆಗೆ ಸುಮಾರು 19 ಜೀವ. ಎಲ್ಲವೂ ಗಮನ ತಪ್ಪಿ ಆದದ್ದಲ್ಲ ನಿಜ. ವೇಗ, ಕುಡಿತ, ಕೆಟ್ಟ ರಸ್ತೆ ಎಲ್ಲವೂ ಅದರಲ್ಲಿವೆ.

"ಕಿವಿಗೆ ಸಿಕ್ಕಿಸ್ಕೊಂಡು ಮಾತಾಡಿದ್ರೆ ಕೈ ಖಾಲಿ ಇರುತ್ತಲ್ಲ" ಎನ್ನುವವರೂ ಇದ್ದಾರೆ. ಕೈ ಖಾಲಿ ಇರುತ್ತದೆ, ಮನಸ್ಸು ಇರುವುದಿಲ್ಲ. ಕಣ್ಣು ತೆರೆದಿದ್ದರೂ ಮನಸ್ಸು ಬೇರೆ ಕಡೆ ಇದ್ದರೆ ಎದುರಿಗಿದ್ದದ್ದು ಕಾಣುವುದಿಲ್ಲ ಎಂಬುದಕ್ಕೆ ಅಮೆರಿಕದ ಡೇನಿಯಲ್ ಸೈಮನ್ಸ್, ಕ್ರಿಸ್ಟೋಫರ್ ಚಾಬ್ರಿಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಪ್ರಯೋಗ ಜಗತ್ಪ್ರಸಿದ್ಧ. ಚೆಂಡಾಟದ ಒಂದು ಚಿತ್ರ ತೋರಿಸಿ, ಚೆಂಡು ಎಷ್ಟು ಸಲ ಕೈ ಬದಲಾಯಿಸಿತು ಎಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಆಟಗಾರರ ಮಧ್ಯದಲ್ಲೇ ಹಾದುಹೋದರು. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ! ಇಷ್ಟು ದೊಡ್ಡ ಪ್ರಾಣಿ ಕಾಣದ ಮೇಲೆ, ಸಂಜೆ ಕತ್ತಲಲ್ಲಿ ಕಪ್ಪು ಕಂಬಳಿ ಹೊದ್ದು ರಸ್ತೆಯಂಚಿಗೆ ನಡೆಯುವ ಮುದುಕ ಕಂಡಾನೆಯೆ? ಕೈಯಲ್ಲಿ ಹಿಡಿದ ಫೋನಿಗೂ ಕಿವಿಗೆ ಸಿಕ್ಕಿಸಿದ ಫೋನಿಗೂ ಗಮನ ಕದಿಯುವುದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ಎಂದು ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರ ಪ್ರಯೋಗಗಳೂ ತೋರಿಸಿವೆ. ಕಾನೂನು ಇಷ್ಟು ದೂರ ಹೋಗಿಲ್ಲ. 2019ರ ತಿದ್ದುಪಡಿ ಕೈಯಲ್ಲಿ ಫೋನು ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆಯೆಂದು ಎಣಿಸಿತು. 2020ರ ನಿಯಮ ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದಂತೆ, ಬಳಸಬಹುದು ಎಂದಿತು. ಕಾನೂನು ಬಿಟ್ಟ ಜಾಗವನ್ನು ಮನಸ್ಸಾಕ್ಷಿ ತುಂಬಬೇಕು.

ಹಾಗಾದರೆ ಗಾಡಿಯಲ್ಲಿ ಮಾದಪ್ಪನ ಹಾಡು ಹಾಕಲೇಬಾರದೆ ಎಂದರೆ, ಅಷ್ಟು ಬಿಗಿ ಬೇಕಿಲ್ಲ. ಮೆಲ್ಲಗೆ ಕೇಳಿಸುವ, ಚಿಕ್ಕಂದಿನಿಂದ ಕೇಳಿದ ಹಾಡು ದಾರಿಯ ಜೊತೆಗಾರ. ಉಸಿರಿನ ಹಾಗೆ ತಾನಾಗಿ ಬರುವ ನಾಮವೂ ಯಾರಿಗೂ ತೊಂದರೆ ಮಾಡುವುದಿಲ್ಲ. ತಲೆ ಒಡೆದುಹೋಗುವಂತೆ ಸೌಂಡು ಕೊಟ್ಟು, ಹಿಂದಿನಿಂದ ಬರುವ ಬಸ್ಸಿನ ಹಾರನ್ನೂ ಕೇಳದಂತೆ ಮಾಡಿಕೊಳ್ಳುವುದು, ಹಾಡು ಬದಲಾಯಿಸಲು ಬಗ್ಗಿ ಬಗ್ಗಿ ಹುಡುಕುವುದು, ಕಣ್ಣು ಮುಚ್ಚಿ ಧ್ಯಾನಿಸುವುದು, ಎರಡೂ ಕೈ ಎತ್ತಿ ಉಘೇ ಎನ್ನುವುದು ಇವೆಲ್ಲ ಸೀಟು ಬದಲಾಯಿಸಿದ ಮೇಲೆ ಮಾಡಲಿ.

ಎಲ್ಲಕ್ಕಿಂತ ಗಟ್ಟಿಯಾದ ಮಾತು ಇನ್ನೊಂದಿದೆ. "ಮಾದಪ್ಪ ಅವ್ನೆ ಬುಡಪ್ಪ, ಅವ್ನೇ ಕಾಯ್ತಾನೆ." ಇದು ಸೋಮಾರಿಯ ನೆಪವಾಗಿಯೂ ಬರುತ್ತದೆ, ನಿಜವಾದ ನಂಬಿಕೆಯಾಗಿಯೂ ಬರುತ್ತದೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದವನನ್ನು ಮೂಢ ಎನ್ನಬೇಕಾಗಿಲ್ಲ. ಬಂಡೆ ಉರುಳೀತು, ಟೈರು ಸಿಡಿದೀತು, ಕಾಡಿನ ಆನೆ ಅಡ್ಡ ಬಂದೀತು. ಮನುಷ್ಯನ ಕೈಯಲ್ಲಿ ಇಲ್ಲದ್ದು ಎಷ್ಟೋ ಇದೆ, ಅದನ್ನು ದೇವರಿಗೆ ಒಪ್ಪಿಸುವುದು ಸರಿಯೇ. ಆದರೆ ಸ್ಟೀರಿಂಗು ಮನುಷ್ಯನ ಕೈಯಲ್ಲೇ ಇದೆ. ತನ್ನ ಕೈಯಲ್ಲಿರುವುದನ್ನೂ ದೇವರ ಮೇಲೆ ಹಾಕುವುದು ಒಪ್ಪಿಸುವುದಲ್ಲ, ಹೊರೆ ಹೊರಿಸುವುದು. ಮಾದಪ್ಪ ಸ್ವತಃ ಹುಲಿಯ ಮೇಲೆ ಸವಾರಿ ಮಾಡಿದವನು. ಅವನ ಪಟಗಳಲ್ಲಿ ಹುಲಿ ಎಷ್ಟು ಸಾಧುವಾಗಿ ಕಂಡರೂ ಹುಲಿ ಹುಲಿಯೇ. ಹುಲಿಯ ಮೇಲೆ ಕುಳಿತು ಆಕಡೆ ಈಕಡೆ ನೋಡುವ ಸವಾರ ಉಂಟೆ?

ಕಾಯುವ ವಿಚಾರವನ್ನೇ ತೆಗೆದುಕೊಂಡರೂ, ಮಾದಪ್ಪ ಕಾಯಬೇಕಾದದ್ದು ಗಾಡಿಯಲ್ಲಿ ಕುಳಿತವರನ್ನು ಮಾತ್ರವೇ? ಶಿವರಾತ್ರಿ, ಯುಗಾದಿ, ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ, ಅಮಾವಾಸ್ಯೆಗಳಲ್ಲಿ, ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಕಡೆಯಿಂದ ಸಾವಿರಾರು ಜನ ನಡೆದೇ ಬರುತ್ತಾರೆ. ಬಿಸಿಲಿಗೆ ಹೆದರಿ ರಾತ್ರಿಯ ತಂಪಿನಲ್ಲಿ ನಡೆಯುವವರೇ ಹೆಚ್ಚು. ತಲೆಯ ಮೇಲೆ ಗಂಟು, ಬರಿಗಾಲು, ಬೊಬ್ಬೆ ಎದ್ದ ಪಾದ. ಟಾರಿನ ಅಂಚು ಬಿಟ್ಟರೆ ಕಲ್ಲುಮುಳ್ಳು, ಹಾಗಾಗಿ ಟಾರಿನ ಮೇಲೆಯೇ ನಡೆಯುತ್ತಾರೆ. ಅವರೂ ಹೊರಡುವಾಗ ಮಾದಪ್ಪನಿಗೇ ಕಾಪಾಡಪ್ಪ ಎಂದು ಕೈ ಮುಗಿದು ಬಂದವರು. ಅವರ ಆ ಪ್ರಾರ್ಥನೆಯನ್ನು ನಡೆಸಿಕೊಡಬೇಕಾದವರು ಯಾರು? ಹಿಂದಿನಿಂದ ಬರುವ ಗಾಡಿಯಲ್ಲಿ ಸ್ಟೀರಿಂಗ್ ಹಿಡಿದು ಕುಳಿತವನ ಎರಡು ಕಣ್ಣು. ಆ ರಾತ್ರಿ ಆ ರಸ್ತೆಯಲ್ಲಿ ಮಾದಪ್ಪ ಬಳಸಬಹುದಾದ ಕಣ್ಣು ಬೇರೆ ಇಲ್ಲ. ಅದನ್ನು ಫೋನಿಗೆ ಕೊಟ್ಟುಬಿಟ್ಟರೆ, ನಡೆಯುವವನ ಮೊರೆ ಹೋಗಿ ಮುಟ್ಟುವುದು ಎಲ್ಲಿಗೆ?

ಗಮನ ಎಂಬುದು ಓಡಿಸುವವನೊಬ್ಬನ ಗುಣ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ನಿಜ. ಕರ್ಣನಿಗೆ ಸಾರಥಿಯಾದ ಶಲ್ಯನ ಕಥೆ ಇಲ್ಲಿ ತಲೆಕೆಳಗಾಗಿ ನಡೆಯುತ್ತದೆ. ಶಲ್ಯ ಕರ್ಣನ ಎದೆಗುಂದಿಸುವುದಾಗಿ ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದ. ರಥ ನಡೆಸುತ್ತಲೇ ಕೊಂಕು ನುಡಿದ, ಹಂಸದ ಜೊತೆ ಪಂದ್ಯ ಕಟ್ಟಿದ ಕಾಗೆಯ ಕಥೆ ಹೇಳಿ ಹಂಗಿಸಿದ, ಬಿಲ್ಲು ಹಿಡಿದವನ ಮನಸ್ಸನ್ನು ಕಲಕಿದ. ಅಲ್ಲಿ ಸಾರಥಿ ರಥಿಕನ ಗಮನ ಕೆಡಿಸಿದ. ಇಂದಿನ ಗಾಡಿಗಳಲ್ಲಿ ಹಿಂದೆ ಕೂತ ರಥಿಕರೇ ಸಾರಥಿಯ ಗಮನ ಕೆಡಿಸುತ್ತಾರೆ, ಅದೂ ಪ್ರೀತಿಯಿಂದ. "ಅಣ್ಣ, ಮಾವ ಲೈನಲ್ಲವ್ರೆ, ಎಲ್ಲಿಗ್ ಬಂದ್ರಿ ಅಂತಾವ್ರೆ, ನೀನೇ ಒಂದ್ ಮಾತು ಹೇಳ್ಬುಡು." "ರೀ, ಈ ಫೋಟೋ ನೋಡ್ರೀ ಒಂಚೂರು." "ಮಗು ಅಳ್ತದೆ, ಅಪ್ಪನ ತೊಡೆ ಮ್ಯಾಲೆ ಕೂರುಸ್ರಿ, ಸುಮ್ನಾಯ್ತದೆ." "ಆ ಬಸ್ ಹಿಂದೆ ಎಷ್ಟೊತ್ತು ಹೋಯ್ತೀಯ, ಓವರ್‌ಟೇಕ್ ಮಾಡ್ಬುಡು, ದಾಸೋಹದ ಹೊತ್ತು ಮೀರ್ತದೆ." ಒಂದೊಂದೂ ಸಣ್ಣ ಮಾತು. ಹೇಳಿದವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಶಲ್ಯನಿಗಾದರೂ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿತ್ತು.

ಕೆಲವು ಮನೆಗಳಲ್ಲಿ ಒಳ್ಳೆಯ ರೂಢಿ ಬಂದಿದೆ. ಗಾಡಿ ಹೊರಡುವ ಮುನ್ನ ಓಡಿಸುವವನ ಫೋನನ್ನು ಹೆಂಡತಿಯೋ ಮಗಳೋ ಇಸಿದುಕೊಳ್ಳುತ್ತಾರೆ. ಕರೆ ಬಂದರೆ ಅವರೇ ಮಾತಾಡುತ್ತಾರೆ. ತೀರಾ ಅಗತ್ಯವಾದರೆ ಅಗಲ ಇರುವ ಜಾಗ ನೋಡಿ ನಿಲ್ಲಿಸಿ ಎನ್ನುತ್ತಾರೆ. ಮುಂದಿನ ಸೀಟಿನಲ್ಲಿ ಕೂತವರು ನಿದ್ದೆ ಮಾಡದೆ ದಾರಿ ನೋಡುತ್ತಾರೆ. ಫೋನು ಕೊಡುವಾಗ ಗಂಡಸಿಗೆ ಮೊದಲೆರಡು ಸಲ ಸ್ವಲ್ಪ ಬಿಗುಮಾನ, ಆಮೇಲೆ ಅಭ್ಯಾಸವಾಗುತ್ತದೆ.

ಮನೆಯ ಗಾಡಿಯಲ್ಲಿ ಇಷ್ಟು. ಬಾಡಿಗೆ ಗಾಡಿಯ ಕಥೆ ಬೇರೆ, ಅದರಲ್ಲಿ ನೋವು ಹೆಚ್ಚು. ಬೆಂಗಳೂರಿನಲ್ಲಿ ರಾತ್ರಿ ಹತ್ತು ಗಂಟೆಗೆ ಟೆಂಪೊ ಟ್ರಾವೆಲರ್ ಹತ್ತುತ್ತಾರೆ. ಡ್ರೈವರ್ ಅವತ್ತು ಹಗಲೆಲ್ಲ ಇನ್ನೊಂದು ಟ್ರಿಪ್ ಮುಗಿಸಿ ಬಂದವನು. ಒಳಗಿದ್ದವರು ಹಾಡಿ, ಹರಟಿ, ಒಬ್ಬೊಬ್ಬರಾಗಿ ನಿದ್ದೆ ಹೋಗುತ್ತಾರೆ, ಅವನೊಬ್ಬ ಎಚ್ಚರವಾಗಿರಬೇಕು. ಬೆಳಗಿನ ಜಾವಕ್ಕೆ ಬೆಟ್ಟ. ಎಲ್ಲರೂ ಸ್ನಾನ, ಮುಡಿ, ಸರತಿ ಸಾಲು ಎಂದು ಹೋಗುತ್ತಾರೆ. ಅವನು ಗಾಡಿಯಲ್ಲೇ ಸೀಟಿನ ಮೇಲೆ ಮುದುಡಿ ಮಲಗುತ್ತಾನೆ. ಬಿಸಿಲೇರಿದರೆ ಒಳಗೆ ಬೇಯುತ್ತದೆ, ಬಾಗಿಲು ತೆಗೆದಿಟ್ಟರೆ ಕೋತಿಗಳ ಕಾಟ. ನಡುವೆ ಪಾರ್ಕಿಂಗಿನವರು ಬಂದು ಗಾಡಿ ಮುಂದಕ್ಕೆ ಹಾಕು ಎಂದು ಎಬ್ಬಿಸುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಬಂದವರು "ಹೊರಡೋಣ್ವಾ ಡ್ರೈವರೇ, ದಾರೀಲಿ ಇನ್ನೂ ಎರಡು ದೇವಸ್ಥಾನ ಅದೆ, ಸಂಜೆ ಒಳಗೆ ಬೆಂಗಳೂರು ಸೇರ್ಬೇಕು" ಎನ್ನುತ್ತಾರೆ. ಅವನು ಇಲ್ಲ ಎನ್ನುವಂತಿಲ್ಲ. ಎಂದರೆ ಮುಂದಿನ ಬಾಡಿಗೆ ಇನ್ನೊಬ್ಬನಿಗೆ.

ಆ ಮಧ್ಯಾಹ್ನದ ಇಳಿಜಾರಿನಲ್ಲಿ ಅವನ ರೆಪ್ಪೆ ಒಂದು ಗಳಿಗೆ ಮುಚ್ಚಿದರೆ ಅದು ಯಾರ ಪ್ರಮಾದ? ಫೋನು ನೋಡಿದವನಾದರೂ ತಾನಾಗಿ ಕಣ್ಣು ತೆಗೆದ. ಇವನ ಕಣ್ಣನ್ನು ಬೇರೆಯವರು ಮುಂಗಡ ಕೊಟ್ಟು ಕಸಿದುಕೊಂಡಿದ್ದಾರೆ. ಸಾರಿಗೆ ಕಾರ್ಮಿಕರಿಗೆಂದು 1961ರಲ್ಲೇ ಬಂದ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಮೀರದಂತೆ ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು ಬರೆದಿತ್ತು. ಬಾಡಿಗೆ ಮಾತಾಡುವಾಗ ಕಿಲೋಮೀಟರಿಗೆ ಎಷ್ಟು, ಬಾಟಾ ಎಷ್ಟು ಎಂದು ಕೇಳುವವರು ಉಂಟು. ನಿನ್ನೆ ರಾತ್ರಿ ಮಲಗಿದ್ದೆಯೇನಪ್ಪ ಎಂದು ಕೇಳುವವರು ಅಪರೂಪ. ಹರಕೆ ತೀರಿಸಲು ಬಂದು ಒಬ್ಬ ದುಡಿಯುವವನ ನಿದ್ದೆ ಕದ್ದುಕೊಂಡು ಹೋದರೆ, ಆ ಹರಕೆ ತೀರಿತು ಎನ್ನಬಹುದೆ ಎಂಬುದನ್ನು ಹರಕೆ ಹೊತ್ತವರೇ ಯೋಚಿಸಬೇಕು.

ಏರುವಾಗಿಗಿಂತ ಇಳಿಯುವಾಗಲೇ ಮೈಮರೆವು ಹೆಚ್ಚು. ಏರುವಾಗ ದೇವರ ಮುಖ ನೋಡಬೇಕೆಂಬ ಆಸೆ ಎಲ್ಲರನ್ನೂ ಎಚ್ಚರವಾಗಿಟ್ಟಿರುತ್ತದೆ. ಇಳಿಯುವಾಗ ದರ್ಶನ ಆಯಿತು, ಹೊಟ್ಟೆ ತುಂಬಿತು, ಮನಸ್ಸು ನಾಳೆಯ ಕೆಲಸದ ಕಡೆ ಹೊರಟುಹೋಯಿತು. ಗಾಡಿ ತಾನಾಗಿಯೇ ಓಡುತ್ತದೆ, ಗೇರು ಇಳಿಸದೆ ಬರೀ ಬ್ರೇಕಿನ ಮೇಲೆ ಬಂದರೆ ಬ್ರೇಕು ಕಾದು ಹಿಡಿತ ತಪ್ಪುತ್ತದೆ. ತಿರುಮಲದ ಘಾಟಿಯಲ್ಲಿ ಗಾಡಿಗಳು ನಿಗದಿ ಮಾಡಿದ್ದಕ್ಕಿಂತ ಬೇಗ ಬಂದು ಮುಟ್ಟಬಾರದು ಎಂದು ಚೀಟಿಯಲ್ಲಿ ಸಮಯ ಬರೆದುಕೊಡುವ ಪದ್ಧತಿ ತಂದದ್ದು, ಇಳಿಯುವುದಕ್ಕೆ ಏರುವುದಕ್ಕಿಂತ ಹೆಚ್ಚು ಸಮಯ ಇಟ್ಟದ್ದು ಇದೇ ಕಾರಣಕ್ಕೆ. ಬೆಟ್ಟದ ಕಿರಿದಾದ ರಸ್ತೆಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು ಎಂಬುದು ರಸ್ತೆಯ ನಿಯಮ. ಅದಕ್ಕೆ ಎಂಜಿನ್ನಿನ ಕಾರಣ ಏನೇ ಇರಲಿ, ಕೇಳುವುದಕ್ಕೆ ಚೆನ್ನಾಗಿದೆ. ದರ್ಶನ ಆದವನು ಇನ್ನೂ ಆಗಬೇಕಾದವನಿಗೆ ದಾರಿ ಬಿಡುತ್ತಾನೆ.

ಈ ಬೆಟ್ಟಕ್ಕೆ ಎಷ್ಟೋ ಸಲ ಬಂದೂ ಒಳಗೆ ಹೋಗದ ಡ್ರೈವರುಗಳಿದ್ದಾರೆ. ಗಾಡಿ ಬಿಟ್ಟು ಹೋಗುವಂತಿಲ್ಲ, ಸಾಲಿನಲ್ಲಿ ನಿಲ್ಲುವಷ್ಟು ಹೊತ್ತಿಲ್ಲ, ನಿದ್ದೆ ಬೇರೆ ಬೇಕು. ಗೋಪುರಕ್ಕೆ ದೂರದಿಂದಲೇ ಕೈ ಮುಗಿದು ಮತ್ತೆ ಸೀಟಿಗೆ ಬರುತ್ತಾರೆ. ಬಂದ ಗುಂಪಿನಲ್ಲಿ ಒಬ್ಬರು ಗಾಡಿಯ ಹತ್ತಿರ ಕೂತು, ಅವನಿಗೆ ಮೊದಲು ನಾಲ್ಕು ಗಂಟೆ ನಿದ್ದೆ ಮಾಡಲು ಬಿಟ್ಟು, ಆಮೇಲೆ "ಹೋಗಪ್ಪ, ನೀನೂ ದರ್ಸನ ಮಾಡ್ಕೊಂಡು ದಾಸೋಹದಾಗೆ ಉಂಡ್ಕೊಂಡು ಬಾ, ಗಾಡಿ ನಾ ನೋಡ್ಕತೀನಿ" ಎಂದು ಕಳಿಸಿದರೆ, ಹೊರಡುವುದು ಸಂಜೆಯಾಗಬಹುದು, ಇಲ್ಲವೆ ಮಾರನೆಯ ಬೆಳಿಗ್ಗೆಯೇ ಆಗಬಹುದು. ದಾರಿಯ ಆ ಎರಡು ದೇವಸ್ಥಾನ ಮುಂದಿನ ವರ್ಷಕ್ಕೆ ಉಳಿಯುತ್ತವೆ.